ಇಟ್ಟಿಗೆ ಯಾವ ಊರಿನದು?

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಯಾವುದಾದರೂ ದೊಡ್ಡ ಕಟ್ಟಡದ ಗೇಟಿನ ಬಳಿ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿ. ಸಿಮೆಂಟ್ ಲಾರಿ, ಎಂ ಸ್ಯಾಂಡ್ ಟಿಪ್ಪರ್, ಕಂಬಿ ಹೊತ್ತ ಟ್ರೇಲರ್, ರೆಡಿಮಿಕ್ಸ್ ಗಾಡಿ ಒಂದರ ಹಿಂದೊಂದು ಬರುತ್ತಿರುತ್ತವೆ. ಪ್ರತಿ ಡ್ರೈವರ್ ಕೈಯಲ್ಲೂ ಒಂದಿಷ್ಟು ಕಾಗದ: ಡೆಲಿವರಿ ಚಲನ್, ಇನ್‌ವಾಯ್ಸ್, ಇ-ವೇ ಬಿಲ್, ತೂಕದ ಚೀಟಿ. ಸೆಕ್ಯುರಿಟಿಯವರು ಗಾಡಿ ನಂಬರ್ ಬರೆದುಕೊಳ್ಳುತ್ತಾರೆ, ಸ್ಟೋರ್ ಕೀಪರ್ ಸಹಿ ಹಾಕುತ್ತಾರೆ, ಕಾಗದ ಫೈಲಿಗೆ ಹೋಗುತ್ತದೆ. ಬಿಲ್ ಪಾಸಾದ ಮೇಲೆ ಆ ಫೈಲನ್ನು ಯಾರೂ ತೆರೆಯುವುದಿಲ್ಲ.

ಕಟ್ಟಡ ಮುಗಿದು, ಹಸಿರು ಕಟ್ಟಡದ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಹೊತ್ತಿಗೆ ಆ ಫೈಲಿನ ಹುಡುಕಾಟ ಶುರುವಾಗುತ್ತದೆ. ಮೂರನೇ ಮಹಡಿಯ ಗೋಡೆಗೆ ಹೋದ ಬ್ಲಾಕ್ ಎಲ್ಲಿ ತಯಾರಾಯಿತು? ಅದರಲ್ಲಿ ಹಾರುಬೂದಿ ಎಷ್ಟಿತ್ತು? ಬಾಗಿಲಿನ ಮರ ಯಾವ ಕಾಡಿನದು? ಉತ್ತರ ಗೋಡೆಯೊಳಗೆ ಸೇರಿಹೋಗಿದೆ, ಪ್ಲಾಸ್ಟರ್ ಆಗಿದೆ, ಬಣ್ಣವೂ ಬಳಿದಾಗಿದೆ. ಆಗ ಸಪ್ಲೈಯರ್‌ಗಳಿಗೆ ಫೋನು, ಇ-ಮೇಲ್, ‘ಹಳೇ ತಾರೀಖು ಹಾಕಿ ಒಂದು ಲೆಟರ್ ಕೊಡಿ ಸಾರ್’ ಎಂಬ ಬೇಡಿಕೆ. ಹೀಗೆ ಕೊನೆಗಳಿಗೆಯಲ್ಲಿ ಕೂಡಿಸಿದ ಕಾಗದಗಳ ಮೇಲೆ ನಿಂತ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಹೊಲಕ್ಕೆ ಪಹಣಿ ಇದ್ದಂತೆ ಕಟ್ಟಡದ ಪ್ರತಿ ಸಾಮಗ್ರಿಗೂ ಒಂದು ದಾಖಲೆ ಇರಬೇಕು ಎನ್ನುವುದು ಹಸಿರು ಕಟ್ಟಡ ಚಳವಳಿಯ ಒಳ್ಳೆಯ ಬೇಡಿಕೆಗಳಲ್ಲಿ ಒಂದು. ಈ ದಾಖಲೆಯನ್ನು ಓದುವುದನ್ನೂ ಬರೆಯುವುದನ್ನೂ ನಮ್ಮ ಸಿವಿಲ್ ಎಂಜಿನಿಯರ್‌ಗಳು, ಆರ್ಕಿಟೆಕ್ಟ್‌ಗಳು ಕಾಲೇಜಿನಲ್ಲಿ ಕಲಿತು ಬರುವುದು ಕಡಿಮೆ. ಕೆಲಸಕ್ಕೆ ಸೇರಿದ ಮೇಲೆ, ಅದೂ ಯಾರಾದರೂ ಹಿರಿಯರು ಕೂರಿಸಿಕೊಂಡು ಹೇಳಿಕೊಟ್ಟರೆ, ಕಲಿಯುತ್ತಾರೆ. ಆ ಕಲಿಕೆ ಏನು, ಅದರಲ್ಲಿ ಎಡವುವ ಜಾಗಗಳು ಯಾವುವು ಎಂದು ಬಿಡಿಸಿ ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ಪ್ರಮಾಣಪತ್ರಗಳ ಹಿನ್ನೆಲೆ ಸ್ವಲ್ಪ. ನಮ್ಮಲ್ಲಿ ಚಾಲ್ತಿಯಲ್ಲಿರುವುದು ಮುಖ್ಯವಾಗಿ ಮೂರು ವ್ಯವಸ್ಥೆಗಳು. ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ರೂಪಿಸಿದ ಲೀಡ್ ಒಂದು. ಭಾರತೀಯ ಕೈಗಾರಿಕಾ ಒಕ್ಕೂಟ 2001ರಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ಐಜಿಬಿಸಿ ಸಂಸ್ಥೆಯ ರೇಟಿಂಗ್‌ಗಳು ಇನ್ನೊಂದು. ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ರೂಪಿಸಿ, 2007ರಲ್ಲಿ ರಾಷ್ಟ್ರೀಯ ರೇಟಿಂಗ್ ಎಂದು ಒಪ್ಪಿಕೊಂಡ ‘ಗೃಹ’ ಎಂಬ ವ್ಯವಸ್ಥೆ ಮೂರನೆಯದು. ಹೈದರಾಬಾದಿನ ಸೊರಾಬ್‌ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ 2003ರಲ್ಲಿ ಲೀಡ್ ಪ್ಲಾಟಿನಂ ಪಡೆದಾಗ, ಅಮೆರಿಕದ ಹೊರಗೆ ಆ ದರ್ಜೆ ಮುಟ್ಟಿದ ಮೊದಲ ಕಟ್ಟಡ ಅದಾಗಿತ್ತು. ಬೆಂಗಳೂರು ವಿಮಾನ ನಿಲ್ದಾಣದ ಬಿದಿರಿನ ಚಾವಣಿಯ ಎರಡನೇ ಟರ್ಮಿನಲ್‌ವರೆಗೆ ಆ ದಾರಿ ಬೆಳೆದು ಬಂದಿದೆ.

ಮೂರರಲ್ಲೂ ನೀರು, ವಿದ್ಯುತ್ತು, ನಿವೇಶನ, ಒಳಗಾಳಿ ಎಂದು ಅಧ್ಯಾಯಗಳಿವೆ. ವಿದ್ಯುತ್ತಿಗೆ ಮೀಟರ್ ಇದೆ, ನೀರಿಗೂ ಇದೆ. ಸಾಮಗ್ರಿಗೆ ಮೀಟರ್ ಇಲ್ಲ. ಅದರ ಗುಣ ತಿಳಿಯುವುದು ಕಾಗದದಿಂದ ಮಾತ್ರ. ಹಾಗಾಗಿ ಸಾಮಗ್ರಿಯ ಅಧ್ಯಾಯದಲ್ಲಿ ದಾಖಲೆ ಸಡಿಲವಾದರೆ ಇಡೀ ಅಂಕವೇ ಸಡಿಲ.

ಕಲಿಯುವವರು ಮೊದಲು ಎಡವುವುದು ‘ಸ್ಥಳೀಯ’ ಎಂಬಲ್ಲಿ. ಲೀಡ್‌ನ 2009ರ ಆವೃತ್ತಿಯಲ್ಲಿ ಕಟ್ಟಡದಿಂದ ನೇರ ರೇಖೆಯಲ್ಲಿ 800 ಕಿಲೋಮೀಟರ್ ಒಳಗಿನದ್ದೆಲ್ಲ ಸ್ಥಳೀಯವೇ. 2013ರ ನಾಲ್ಕನೇ ಆವೃತ್ತಿ ಆ ವೃತ್ತವನ್ನು 160 ಕಿಲೋಮೀಟರಿಗೆ ಇಳಿಸಿತು. ಬೆಂಗಳೂರಿನಲ್ಲಿ ನಿಂತು ನೋಡಿದರೆ ಈ ಬದಲಾವಣೆಯ ಅರ್ಥ ಸ್ಪಷ್ಟವಾಗುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ತೋರಣಗಲ್ಲಿನ ಉಕ್ಕು, ರಾಯಚೂರು ಬಳಿಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಎಲ್ಲವೂ ಹಳೆಯ ವೃತ್ತದೊಳಗಿದ್ದವು. ಹೊಸ ವೃತ್ತದಲ್ಲಿ ಒಂದೂ ಇಲ್ಲ. ಒಳಗೆ ಉಳಿದದ್ದು ಮಾಲೂರಿನ ಇಟ್ಟಿಗೆ, ಸಾದರಹಳ್ಳಿಯ ಕಲ್ಲು, ಸುತ್ತಲಿನ ಕ್ರಷರ್‌ಗಳ ಜಲ್ಲಿ ಮತ್ತು ಎಂ ಸ್ಯಾಂಡ್.

ದೂರ ಅಳೆಯುವುದು ಎಲ್ಲಿಂದ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅಂಗಡಿಯಿಂದ ಅಳೆದರೆ ತಪ್ಪು. ಸಿದ್ದಯ್ಯ ರಸ್ತೆಯ ಡೀಲರ್ ಕೊಟ್ಟ ಟೈಲ್ಸ್ ಬಿಲ್ಲಿನ ಮೇಲೆ ಬೆಂಗಳೂರು ಎಂದೇ ಇರುತ್ತದೆ. ಡಬ್ಬದ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಗುಜರಾತಿನ ಮೋರ್ಬಿ ಎಂದಿರುತ್ತದೆ. ಮೋರ್ಬಿ ಇಲ್ಲಿಂದ ನೇರ ರೇಖೆಯಲ್ಲೇ 1,000 ಕಿಲೋಮೀಟರಿಗೂ ಆಚೆ. ಲೀಡ್ ಕೇಳುವುದು ಕಚ್ಚಾವಸ್ತು ತೆಗೆದ ಜಾಗವನ್ನು ಮತ್ತು ಮಾಲು ತಯಾರಾದ ಜಾಗವನ್ನು. ನಾಲ್ಕನೇ ಆವೃತ್ತಿಯಲ್ಲಿ ಕೊಂಡ ಜಾಗವೂ ಸೇರಿತು. ಮೂರೂ ವೃತ್ತದೊಳಗಿದ್ದರೆ ಆ ಸಾಮಗ್ರಿಯ ಬೆಲೆಯನ್ನು ಲೆಕ್ಕದಲ್ಲಿ ಇಮ್ಮಡಿ ಹಿಡಿಯಬಹುದು. ಅಂಕ ಇಷ್ಟು ಸಲೀಸಾಗಿ ದುಪ್ಪಟ್ಟಾಗುವಲ್ಲಿ ಡೀಲರ್ ವಿಳಾಸವನ್ನೇ ಕಾರ್ಖಾನೆಯ ವಿಳಾಸ ಮಾಡುವ ಆಸೆಯೂ ಅಷ್ಟೇ ಸಲೀಸಾಗಿ ಹುಟ್ಟುತ್ತದೆ. ಅದಕ್ಕೇ ಡಬ್ಬದ ಫೋಟೊ ತೆಗೆದಿಡಿ ಎಂದು ಅನುಭವಿಗಳು ಹೇಳುವುದು. ಬಿಲ್ಲನ್ನು ಆಮೇಲೆ ಬೇಕಾದರೂ ತರಿಸಬಹುದು, ಡಬ್ಬ ಅದೇ ಸಂಜೆ ಗುಜರಿಗೆ ಹೋಗುತ್ತದೆ.

ಇಲ್ಲಿ ನಮಗೊಂದು ಅನುಕೂಲ ತಾನಾಗಿ ಒದಗಿದೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು ಎಂಬ ಜಿಎಸ್‌ಟಿ ನಿಯಮ 2018ರ ಏಪ್ರಿಲ್ 1ರಂದು ಜಾರಿಗೆ ಬಂತು; ರಾಜ್ಯದೊಳಗಿನ ಸಾಗಣೆಗೂ ಅಂದಿನಿಂದಲೇ ಅದನ್ನು ಜಾರಿ ಮಾಡಿದ್ದು ಕರ್ನಾಟಕ. ತೆರಿಗೆಗಾಗಿ ಹುಟ್ಟಿದ ಈ ಕಾಗದದಲ್ಲಿ ಸರಕು ಹೊರಟ ಜಾಗ, ಸೇರುವ ಜಾಗ, ದೂರ, ಗಾಡಿ ನಂಬರ್ ಎಲ್ಲ ಇರುತ್ತವೆ. ಜಲ್ಲಿ, ಎಂ ಸ್ಯಾಂಡಿಗಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರ್ಮಿಟ್ ಇದೆ. ಯಾವ ಕ್ವಾರಿ, ಯಾವ ಕ್ರಷರ್ ಎಂಬುದು ಅದರಿಂದ ಗೊತ್ತಾಗುತ್ತದೆ. ಇವನ್ನು ಹಸಿರು ಕಟ್ಟಡದ ಸಾಕ್ಷಿಯಾಗಿ ಬಳಸಬಹುದು ಎಂಬುದು ಎಷ್ಟೋ ಸೈಟುಗಳಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಎರಡೂ ಅಕೌಂಟ್ಸ್ ವಿಭಾಗದ ಬೀರುವಿನಲ್ಲಿರುತ್ತವೆ, ಗ್ರೀನ್ ಕನ್ಸಲ್ಟೆಂಟ್ ಬೇರೆ ಕಟ್ಟಡದಲ್ಲಿ ಕೂತು ಸಪ್ಲೈಯರ್ ಲೆಟರಿಗೆ ಕಾಯುತ್ತಿರುತ್ತಾರೆ.

ಈ ವಿದ್ಯೆಯ ತಿರುಳು ಕಾಂಕ್ರೀಟಿನಲ್ಲಿದೆ. ಕಟ್ಟಡದಲ್ಲಿ ಅತಿ ಹೆಚ್ಚು ತೂಗುವುದು ಅದೇ, ಅತಿ ಹೆಚ್ಚು ಗೊಂದಲವೂ ಅದರದ್ದೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಿನಲ್ಲಿ ಹಾರುಬೂದಿ ಶೇ 15ರಿಂದ 35ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ ಐಎಸ್ 1489. ಹಾಗಾದರೆ ಒಂದು ಚೀಲದಲ್ಲಿ ಎಷ್ಟಿದೆ? ಹೊಸಬರು ‘35’ ಎಂದು ಬರೆದುಬಿಡುತ್ತಾರೆ, ಮಾನಕ ಒಪ್ಪುತ್ತದಲ್ಲ ಎಂಬ ಧೈರ್ಯದಲ್ಲಿ. ಮಾನಕ ಹೇಳುವುದು ಮಿತಿಯನ್ನು. ಚೀಲದೊಳಗಿನದ್ದು ಗೊತ್ತಾಗುವುದು ಆ ವಾರದ ತಯಾರಿಕೆಗೆ ಕಂಪನಿ ಕೊಡುವ ಟೆಸ್ಟ್ ಸರ್ಟಿಫಿಕೇಟಿನಿಂದ. ಚೀಲದ ಮೇಲೆ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಸರ್ಟಿಫಿಕೇಟಿನ ವಾರವೂ ಚೀಲದ ವಾರವೂ ತಾಳೆಯಾದರೆ ಆ ದಾಖಲೆಗೆ ಜೀವ ಬಂದಂತೆ.

ರೆಡಿಮಿಕ್ಸ್ ಆದರೆ ಇನ್ನೂ ಚೆನ್ನ. ಪ್ರತಿ ಟ್ರಾನ್ಸಿಟ್ ಮಿಕ್ಸರ್ ಜೊತೆಗೂ ಪ್ಲಾಂಟಿನ ಕಂಪ್ಯೂಟರ್ ತೆಗೆದ ಬ್ಯಾಚ್ ಶೀಟ್ ಸಿಗುತ್ತದೆ. ಸಿಮೆಂಟ್ ಎಷ್ಟು ಕೆ.ಜಿ., ಹಾರುಬೂದಿ ಎಷ್ಟು, ಸ್ಲ್ಯಾಗ್ ಪುಡಿ ಎಷ್ಟು, 20 ಎಂಎಂ ಜಲ್ಲಿ, 12 ಎಂಎಂ ಜಲ್ಲಿ, ಮರಳು, ನೀರು, ಅಡ್‌ಮಿಕ್ಸ್‌ಚರ್ ಎಲ್ಲವೂ ಸಾಲುಸಾಲಾಗಿ ಇರುತ್ತವೆ. ಕಂಪನಿ ಮಿಕ್ಸ್ ಡಿಸೈನಿನಲ್ಲಿ ಕೊಡುತ್ತೇವೆಂದ ಪ್ರಮಾಣ ಒಂದು ಕಡೆ, ನಿಜಕ್ಕೂ ಸುರಿದ ಪ್ರಮಾಣ ಇನ್ನೊಂದು ಕಡೆ. ವ್ಯತ್ಯಾಸವೂ ಅಲ್ಲೇ ಕಾಣುತ್ತದೆ. ಇಡೀ ನಿರ್ಮಾಣದಲ್ಲಿ ಇಷ್ಟು ಪ್ರಾಮಾಣಿಕವಾದ ಕಾಗದ ಮತ್ತೊಂದಿಲ್ಲ ಎನ್ನುವುದು ನನ್ನ ನಂಬಿಕೆ. ಮನುಷ್ಯರು ನೆನಪಿನಿಂದ ಬರೆದದ್ದಲ್ಲ, ತಕ್ಕಡಿಯೇ ಬರೆದದ್ದು.

ಈಗ ಲೆಕ್ಕ. ಉದಾಹರಣೆಗೆ, ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ 240 ಕೆ.ಜಿ. ಸಿಮೆಂಟ್, 100 ಕೆ.ಜಿ. ಹಾರುಬೂದಿ ಇದೆ ಎಂದುಕೊಳ್ಳಿ. ಕಾಂಕ್ರೀಟಿನ ಒಟ್ಟು ತೂಕ ಸುಮಾರು 2,400 ಕೆ.ಜಿ. ಒಟ್ಟು ತೂಕಕ್ಕೆ ಹೋಲಿಸಿದರೆ ಹಾರುಬೂದಿಯ ಪಾಲು ಶೇ 4ರ ಆಸುಪಾಸು, ಹೆಚ್ಚೂಕಡಿಮೆ ಲೆಕ್ಕಕ್ಕೇ ಇಲ್ಲ. ಆದರೆ ಹಾರುಬೂದಿ ಜಲ್ಲಿಯ ಬದಲಿಗೆ ಬಂದದ್ದಲ್ಲ, ಸಿಮೆಂಟಿನ ಬದಲಿಗೆ ಬಂದದ್ದು. ಹಾಗಾಗಿ ಅಂಟುವ ಪುಡಿಗಳನ್ನಷ್ಟೇ ಬೇರೆ ತೆಗೆದು ಲೆಕ್ಕ ಹಾಕಲು ಲೀಡ್‌ನ 2009ರ ಆವೃತ್ತಿ ಅವಕಾಶ ಕೊಟ್ಟಿತ್ತು. 340 ಕೆ.ಜಿ.ಯಲ್ಲಿ 100 ಎಂದರೆ ಶೇ 29.4. ಆ ಪುಡಿಗಳ ಬೆಲೆ 2,000 ರೂಪಾಯಿ ಎಂದಿಟ್ಟುಕೊಂಡರೆ ಮರುಬಳಕೆಯ ಪಾಲು 588 ರೂಪಾಯಿ. ಅದರಲ್ಲಿ ಅರ್ಧ, ಅಂದರೆ 294 ರೂಪಾಯಿ ಮಾತ್ರ ಅಂಕಕ್ಕೆ ಸಲ್ಲುತ್ತದೆ.

ಅರ್ಧ ಏಕೆ? ಹಾರುಬೂದಿ, ಸ್ಲ್ಯಾಗ್ ಇವೆಲ್ಲ ಕಾರ್ಖಾನೆಯ ಹಂತದಲ್ಲೇ ಉಳಿದ ತ್ಯಾಜ್ಯ. ಬಳಕೆದಾರನ ಕೈ ದಾಟಿ ಬಂದದ್ದಲ್ಲ. ಮನೆಯಲ್ಲಿ ಬಳಸಿ ಗುಜರಿಗೆ ಹಾಕಿದ ಕಬ್ಬಿಣ ಕರಗಿ ಮತ್ತೆ ಕಂಬಿಯಾದರೆ ಪೂರ್ತಿ ಬೆಲೆ. ಕಾರ್ಖಾನೆಯ ಉಳಿಕೆಗೆ ಅರ್ಧ ಬೆಲೆ. ಯಾವುದು ಯಾವ ಗುಂಪಿಗೆ ಎಂಬುದನ್ನು ಐಎಸ್‌ಒ 14021 ಎಂಬ ಅಂತರರಾಷ್ಟ್ರೀಯ ಮಾನಕ ವಿವರಿಸುತ್ತದೆ. ಅದೇ ಕಾರ್ಖಾನೆಯೊಳಗೆ ಅದೇ ಪ್ರಕ್ರಿಯೆಯಲ್ಲಿ ಉಳಿದ ಚೂರನ್ನು ಅಲ್ಲಿಯೇ ಮತ್ತೆ ಹಾಕಿಕೊಂಡರೆ ಅದು ಮರುಬಳಕೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಸಪ್ಲೈಯರ್ ‘ಶೇ 20 ರಿಸೈಕಲ್ಡ್’ ಎಂದು ಲೆಟರ್‌ಹೆಡ್ ಮೇಲೆ ಬರೆದು ಕೊಟ್ಟರೆ ಯಾವ ಬಗೆಯದು ಎಂದು ಕೇಳಲೇಬೇಕು. ಕೇಳದೆ ಫೈಲಿಗೆ ಸೇರಿಸಿದ ಆ ಕಾಗದಕ್ಕೆ ಪರಿಶೀಲನೆಯಲ್ಲಿ ನೆಲೆ ಇರುವುದಿಲ್ಲ.

ಹಾರುಬೂದಿಯ ವಿಷಯದಲ್ಲಿ ನಮ್ಮ ದೇಶಕ್ಕೊಂದು ಸ್ವಂತ ಚರಿತ್ರೆಯೇ ಇದೆ. ಉಷ್ಣ ವಿದ್ಯುತ್ ಸ್ಥಾವರದ 50 ಕಿಲೋಮೀಟರ್ ಸುತ್ತಲಿನಲ್ಲಿ ಇಟ್ಟಿಗೆ ಮಾಡುವವರು ಮಣ್ಣಿಗೆ ಕನಿಷ್ಠ ಶೇ 25ರಷ್ಟು ಬೂದಿ ಬೆರೆಸಬೇಕು ಎಂದು ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತ್ತು. ಹಸಿರು ಪ್ರಮಾಣಪತ್ರಗಳು ಇಲ್ಲಿಗೆ ಕಾಲಿಡುವ ಮೊದಲೇ ಅದು ಬಂದಿತ್ತು ಎಂಬುದನ್ನು ನೆನಪಿಡಬೇಕು. ಶಕ್ತಿನಗರದ ಬೂದಿಹೊಂಡಗಳನ್ನು ಕಣ್ಣಾರೆ ಕಂಡವರಿಗೆ ಆ ನಿಯಮ ಏಕೆ ಬೇಕಾಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಉಕ್ಕಿನ ಕತೆ ಬೇರೆ. ಪ್ರತಿ ಕಂಬಿಕಟ್ಟಿಗೂ ಒಂದು ತಗಡಿನ ಟ್ಯಾಗ್, ಅದರ ಮೇಲೆ ಹೀಟ್ ನಂಬರ್. ಜೊತೆಗೆ ಬರುವ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಅದೇ ನಂಬರ್. ಕಾರ್ಬನ್ ಎಷ್ಟು, ಗಂಧಕ ಎಷ್ಟು, ಎಳೆದರೆ ಎಷ್ಟು ತಡೆಯುತ್ತದೆ ಎಲ್ಲ ಅಲ್ಲಿದೆ, ಗುಜರಿ ಎಷ್ಟು ಸೇರಿದೆ ಎಂಬುದು ಮಾತ್ರ ಇರುವುದಿಲ್ಲ. ಅದಿರಿನಿಂದ ಊದುಕುಲುಮೆಯಲ್ಲಿ ಆದ ಉಕ್ಕಿಗೂ, ಗುಜರಿ ಕರಗಿಸಿ ವಿದ್ಯುತ್ ಕುಲುಮೆಯಲ್ಲಿ ಆದ ಉಕ್ಕಿಗೂ ಪರಿಸರದ ಲೆಕ್ಕದಲ್ಲಿ ಅಜಗಜಾಂತರ. ದಾಖಲೆ ಇಲ್ಲದಿದ್ದರೆ ಶೇ 25 ಎಂದು ಹಿಡಿದುಕೊಳ್ಳಿ ಎಂದು ಲೀಡ್‌ನ 2009ರ ಆವೃತ್ತಿ ಉಕ್ಕಿಗೆ ವಿನಾಯಿತಿ ಕೊಟ್ಟಿತ್ತು. ಅನುಕೂಲವೇನೋ ಹೌದು. ಆದರೆ ಆ ವಿನಾಯಿತಿ ಕಾರ್ಖಾನೆಗೆ ಒಂದು ಫೋನ್ ಮಾಡುವ ಅಭ್ಯಾಸವನ್ನೇ ಎಷ್ಟೋ ತಂಡಗಳಿಂದ ಕಿತ್ತುಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ಮರ ಮತ್ತು ಬಣ್ಣದ ಬಗ್ಗೆ ಚುಟುಕಾಗಿ. ಎಫ್‌ಎಸ್‌ಸಿ ಎಂಬ ಅರಣ್ಯ ಪ್ರಮಾಣೀಕರಣದ ಮರ ಎಂದರೆ ಕಾಡಿನಿಂದ ಬಡಗಿಯವರೆಗೆ ಕೈಬದಲಾಯಿಸಿದ ಪ್ರತಿಯೊಬ್ಬರಿಗೂ ಸರ್ಟಿಫಿಕೇಟ್ ಇರಬೇಕು, ಕೊನೆಯ ಇನ್‌ವಾಯ್ಸಿನ ಮೇಲೆ ಆ ಸಂಖ್ಯೆಯೂ ‘ಎಫ್‌ಎಸ್‌ಸಿ’ ಎಂಬ ಘೋಷಣೆಯೂ ಅಚ್ಚಾಗಿರಬೇಕು. ನಡುವೆ ಒಬ್ಬರಿಗೆ ಇಲ್ಲದಿದ್ದರೂ ಸರಪಳಿ ತುಂಡು. ದಾಂಡೇಲಿಯ ಸರ್ಕಾರಿ ಡಿಪೊದಲ್ಲಿ ಹರಾಜಿನಲ್ಲಿ ಕೊಂಡ ಸಾಗುವಾನಿಗೆ ಅರಣ್ಯ ಇಲಾಖೆಯ ರಸೀದಿ, ಸಾಗಣೆ ಪಾಸ್ ಎಲ್ಲ ಇರುತ್ತದೆ. ಮರ ಕದ್ದದ್ದಲ್ಲ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ, ಎಫ್‌ಎಸ್‌ಸಿ ಅಂಕಕ್ಕೆ ಸಾಕ್ಷಿಯಲ್ಲ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಇನ್ನು ಬಣ್ಣ. ಡಬ್ಬದ ಮೇಲೆ ‘ಲೋ ವಿಒಸಿ’ (ಆವಿಯಾಗುವ ರಾಸಾಯನಿಕ ಕಡಿಮೆ) ಎಂದು ಹಸಿರು ಎಲೆಯ ಚಿತ್ರದೊಂದಿಗೆ ಬರೆದಿರುತ್ತದೆ. ಬೇಕಾದದ್ದು ಎಲೆಯಲ್ಲ, ಅಂಕಿ. ಒಳಗೋಡೆಯ ಮ್ಯಾಟ್ ಬಣ್ಣಕ್ಕೆ ಲೀಟರಿಗೆ 50 ಗ್ರಾಂ, ಹೊಳಪಿನ ಬಣ್ಣಕ್ಕೆ 150 ಗ್ರಾಂ ಎಂಬುದು ಲೀಡ್‌ನ ಹಿಂದಿನ ಆವೃತ್ತಿಗಳು ಇಟ್ಟ ಮಿತಿ. ಡಬ್ಬದ ಬೇಸ್‌ಗೆ ಅಂಗಡಿಯಲ್ಲಿ ಬೆರೆಸುವ ವರ್ಣದ್ರವದಿಂದಲೂ ಅಂಕಿ ಏರಬಹುದು ಎಂಬುದನ್ನು ಮರೆಯಬಾರದು. ‘ಪರಿಸರಸ್ನೇಹಿ’ ಎಂಬ ಬೀಸುಮಾತಿಗೆ ಪುರಾವೆ ಇರಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆ ಮಾರ್ಗಸೂಚಿಯ ಪ್ರತಿಯೊಂದನ್ನು ಪರ್ಚೇಸ್ ವಿಭಾಗದ ಗೋಡೆಗೆ ಅಂಟಿಸಿಟ್ಟರೆ ಸಪ್ಲೈಯರ್ ಜೊತೆ ಮಾತಾಡುವುದು ಸುಲಭ.

ಈಗಿನ ದೊಡ್ಡ ಮಾತು ಇಪಿಡಿ. ಒಂದು ಉತ್ಪನ್ನ ಹುಟ್ಟಿನಿಂದ ಕಾರ್ಖಾನೆಯ ಗೇಟು ದಾಟುವವರೆಗೆ, ಕೆಲವೊಮ್ಮೆ ಅದರ ಅಂತ್ಯದವರೆಗೆ, ಎಷ್ಟು ಇಂಗಾಲ ಉಗುಳಿತು, ಎಷ್ಟು ನೀರು ಕುಡಿಯಿತು ಎಂದು ಲೆಕ್ಕ ಹಾಕಿ, ಹೊರಗಿನವರು ಪರಿಶೀಲಿಸಿ ಪ್ರಕಟಿಸುವ ಪರಿಸರ ಘೋಷಣೆ ಅದು. ಐಎಸ್‌ಒ 14025 ಅದರ ಚೌಕಟ್ಟು, ಕಟ್ಟಡ ಸಾಮಗ್ರಿಗೆ ಯುರೋಪಿನ ಇಎನ್ 15804 ಮಾನಕವನ್ನು ಜೊತೆಗೆ ಅನುಸರಿಸುತ್ತಾರೆ. ಲೀಡ್‌ನ ನಾಲ್ಕನೇ ಆವೃತ್ತಿ ಕನಿಷ್ಠ 5 ಬೇರೆ ಬೇರೆ ತಯಾರಕರಿಂದ 20 ಉತ್ಪನ್ನಗಳ ಘೋಷಣೆ ಕೇಳಿತು. ಒಂದೇ ಕಂಪನಿಯ ಒಂದೇ ಉತ್ಪನ್ನಕ್ಕೆ ಪರಿಶೀಲಿಸಿ ಕೊಟ್ಟ ಘೋಷಣೆಗೆ ಪೂರ್ತಿ ಲೆಕ್ಕ, ಇಡೀ ಉದ್ಯಮದ ಸರಾಸರಿಗೆ ಅರ್ಧ. 2025ರಲ್ಲಿ ಬಂದ ಐದನೇ ಆವೃತ್ತಿಯಲ್ಲಂತೂ ಕಟ್ಟಡದ ಸಾಮಗ್ರಿಗಳಲ್ಲಿ ಅಡಗಿದ ಇಂಗಾಲವನ್ನು ಲೆಕ್ಕ ಹಾಕುವುದು ಕಡ್ಡಾಯವಾಗಿದೆ. ಅಲ್ಲಿಯವರೆಗೆ ಸಾಮಗ್ರಿಯನ್ನು ಹೆಚ್ಚಾಗಿ ರೂಪಾಯಿಯಲ್ಲಿ ಅಳೆಯುತ್ತಿದ್ದ ಪದ್ಧತಿ ಈಗ ಕೆ.ಜಿ.ಯತ್ತ ಹೊರಳಿದೆ. ಬಹಳ ಬೇಕಾಗಿದ್ದ ಹೊರಳು. ಇಟಲಿಯ ದುಬಾರಿ ಅಮೃತಶಿಲೆ ರೂಪಾಯಿ ಲೆಕ್ಕವನ್ನೆಲ್ಲ ಅಡಿಮೇಲು ಮಾಡುತ್ತಿತ್ತು.

ಇಪಿಡಿ ಓದುವವರು ನಾಲ್ಕು ವಿಷಯ ಮೊದಲು ನೋಡಬೇಕು. ಯಾವ ಪ್ಲಾಂಟಿನದು, ಮುಗಿಯುವ ತಾರೀಖು ಯಾವುದು (ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ), ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ, ಮತ್ತು ಅಳತೆಯ ಘಟಕ ಯಾವುದು. ಒಂದು ಟನ್ನಿಗೆ ಕೊಟ್ಟ ಅಂಕಿಯನ್ನು ಒಂದು ಘನ ಮೀಟರಿಗೆ ಕೊಟ್ಟ ಅಂಕಿಯ ಪಕ್ಕ ಇಟ್ಟು ‘ಇದೇ ಹಸಿರು’ ಎಂದು ತೀರ್ಪು ಕೊಟ್ಟ ವರದಿಗಳು ಇವೆ. ಹಗುರ ಬ್ಲಾಕಿಗೂ ಭಾರದ ಬ್ಲಾಕಿಗೂ ಹೋಲಿಕೆ ಮಾಡುವಾಗ ಒಂದು ಚದರ ಮೀಟರ್ ಗೋಡೆಗೆ ತಂದು ನಿಲ್ಲಿಸಿದ ಮೇಲಷ್ಟೇ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಇಪಿಡಿ ಮಾಡಿಸಲು ದುಡ್ಡು ಬೇಕು, ಲಕ್ಷಗಳಲ್ಲಿ. ದೊಡ್ಡ ಸಿಮೆಂಟ್ ಕಂಪನಿಗೆ, ಗಾಜಿನ ಕಂಪನಿಗೆ ಅದು ಖರ್ಚೇ ಅಲ್ಲ. ಸೈಟಿನಲ್ಲೇ ಮಣ್ಣಿನ ಬ್ಲಾಕ್ ಒತ್ತುವ ಸಣ್ಣ ತಂಡಕ್ಕೆ ಅದು ಕನಸು. ಆ ಮಣ್ಣಿನ ಬ್ಲಾಕಿನ ಹಿಂದೆ ನಮ್ಮದೇ ನೆಲದ ವಿಜ್ಞಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಕೆಂಪುಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಬ್ಲಾಕ್ ಮಾಡುವ ತಂತ್ರವನ್ನು ವರ್ಷಗಟ್ಟಲೆ ತಿದ್ದಿ ಬೆಳೆಸಿದರು.

ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಸೇರಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ಹಸಿರು ಕಟ್ಟಡ ಕಲಿಯುವ ಪ್ರತಿಯೊಬ್ಬರೂ ನೋಡಬೇಕು. ಒಂದು ಸುಟ್ಟ ಇಟ್ಟಿಗೆಯ ತಯಾರಿಕೆಗೆ 4.25 ಮೆಗಾಜೂಲ್ ಶಕ್ತಿ. ಗಾತ್ರದಲ್ಲಿ ಅದರ ಎರಡೂವರೆ ಪಟ್ಟಿಗೂ ದೊಡ್ಡದಾದ, ಶೇ 6ರಷ್ಟು ಸಿಮೆಂಟ್ ಬೆರೆತ ಮಣ್ಣಿನ ಬ್ಲಾಕಿಗೆ 2.60 ಮೆಗಾಜೂಲ್. ಕೆ.ಜಿ. ಲೆಕ್ಕದಲ್ಲಿ ಸಿಮೆಂಟಿಗೆ 5.85, ಉಕ್ಕಿಗೆ 42, ಅಲ್ಯೂಮಿನಿಯಂಗೆ 236.8. ಸಾಗಣೆಯ ಲೆಕ್ಕವೂ ಅಲ್ಲಿದೆ: ಒಂದು ಘನ ಮೀಟರ್ ಇಟ್ಟಿಗೆಯನ್ನು ಸುಟ್ಟು ತಯಾರಿಸಲು 2,550 ಮೆಗಾಜೂಲ್ ಬೇಕಾದರೆ ಅದನ್ನು 100 ಕಿಲೋಮೀಟರ್ ಲಾರಿಯಲ್ಲಿ ತರಲು ಬೇಕಾಗುವುದು 200. ಅಂದರೆ ದೂರಕ್ಕಿಂತ ಬೆಂಕಿಯ ಪಾಲೇ ಹತ್ತು ಪಟ್ಟಿಗೂ ಹೆಚ್ಚು. ನಾವೋ ದೂರಕ್ಕೆ ನಕ್ಷೆಯ ಮೇಲೆ ವೃತ್ತ ಎಳೆದು, ಅಂಕ ಹಂಚಿ, ಬೆಂಕಿಯನ್ನು ಕೇಳುವುದನ್ನೇ ಮರೆತಿದ್ದೆವು. ವೃತ್ತದೊಳಗಿನ ಮಾಲೂರಿನ ಇಟ್ಟಿಗೆ ಸ್ಥಳೀಯ ಎಂಬ ಒಂದೇ ಕಾರಣಕ್ಕೆ ಹಸಿರಾಗುವುದಿಲ್ಲ.

ಹಾಗೆಂದು ಮಾಲೂರಿನವರನ್ನು ದೂರುವುದು ಅನ್ಯಾಯ. ಅವರನ್ನು ಯಾರೂ ಕೇಳಿಯೇ ಇರುವುದಿಲ್ಲ. ಇಟ್ಟಿಗೆ ಗೂಡಿನ ಬಳಿ ಹೋಗಿ ‘ಯಜಮಾನ್ರೇ, ಮಣ್ಣು ಯಾವ ಕೆರೇದು? ಒಂದು ಗೂಡಿಗೆ ಎಷ್ಟು ಟನ್ ಸೌದೆ ಹೋಗತ್ತೆ?’ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಸೌದೆಗೆ ದುಡ್ಡು ಕೊಟ್ಟವರು ಅವರು. ಎಷ್ಟು ಲೋಡ್ ಇಳಿಯಿತು, ಎಷ್ಟು ಸಾವಿರ ಇಟ್ಟಿಗೆ ಬೆಂದು ಬಂತು, ಎಷ್ಟು ಒಡೆಯಿತು ಎಂಬುದು ಉದ್ದನೆಯ ಪುಸ್ತಕದಲ್ಲೋ ತಲೆಯಲ್ಲೋ ಇದ್ದೇ ಇರುತ್ತದೆ. ಸೌದೆಯ ತೂಕ, ಇಟ್ಟಿಗೆಯ ಎಣಿಕೆ ಎರಡೂ ಸಿಕ್ಕರೆ ಒಂದು ಇಟ್ಟಿಗೆಗೆ ತಗುಲಿದ ಇಂಧನ ಎಷ್ಟೆಂದು ಡಿಪ್ಲೊಮಾ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ಮಾಹಿತಿ ಇದೆ. ಅದನ್ನು ದಾಖಲೆಯ ರೂಪಕ್ಕೆ ತರುವವರು ಇಲ್ಲ.

ಮಣ್ಣಿನ ಬ್ಲಾಕಿಗೂ ಹೀಗೆಯೇ. ನೆಲಮಾಳಿಗೆಗೆ ಅಗೆದ ಮಣ್ಣಿನಿಂದಲೇ ಬ್ಲಾಕ್ ಒತ್ತುತ್ತಿದ್ದರೆ ಕಚ್ಚಾವಸ್ತುವಿನ ದೂರ ಸೊನ್ನೆ. ಅದನ್ನು ತೋರಿಸಲು ಬೇಕಾದದ್ದು ಮಣ್ಣಿನ ಪರೀಕ್ಷೆಯ ವರದಿ, ದಿನಕ್ಕೆ ಎಷ್ಟು ಚೀಲ ಸಿಮೆಂಟ್ ಎಷ್ಟು ಬ್ಲಾಕಿಗೆ ಹೋಯಿತೆಂಬ ರಿಜಿಸ್ಟರ್, ನೀರಲ್ಲಿ ನೆನೆಸಿ ಮಾಡಿದ ಒತ್ತುಬಲದ ಪರೀಕ್ಷೆ, ಅಗೆತದ ಮತ್ತು ಒತ್ತುವ ಕೆಲಸದ ತಾರೀಖಿರುವ ಫೋಟೊಗಳು. ಈ ಬ್ಲಾಕುಗಳಿಗೆ ಐಎಸ್ 1725 ಎಂಬ ಮಾನಕವೂ ಇದೆ. ಹೊಳೆಯುವ ಪಿಡಿಎಫ್ ಇಲ್ಲದಿರಬಹುದು. ಆದರೆ ಸಾವಿರ ಕಿಲೋಮೀಟರ್ ದೂರದ ಕಾರ್ಖಾನೆಯ ಸರಾಸರಿ ಅಂಕಿಗಿಂತ ಈ ಕೈಬರಹದ ರಿಜಿಸ್ಟರ್ ಕಟ್ಟಡದ ಸತ್ಯಕ್ಕೆ ಹತ್ತಿರ. ಪ್ರಮಾಣೀಕರಣ ಸಂಸ್ಥೆಗಳು ಇಂಥ ಸೈಟ್ ದಾಖಲೆಗಳಿಗೂ ಇಪಿಡಿಗೆ ಕೊಡುವಷ್ಟೇ ಗೌರವ ಕೊಡುವ ದಾರಿ ಕಂಡುಕೊಳ್ಳಬೇಕು. ಇಲ್ಲದಿದ್ದರೆ ಪತ್ರ ಇರುವವರ ಸಾಮಗ್ರಿ ಹಸಿರು, ಪತ್ರ ಇಲ್ಲದವರದ್ದು ಬರೀ ಮಣ್ಣು ಎಂದಾಗುತ್ತದೆ.

ಹಳೆಯ ಸಾಮಾನಿನ ವಿಷಯದಲ್ಲಿ ಈ ತೊಡಕು ಇನ್ನೂ ಸ್ಪಷ್ಟ. ಮಂಗಳೂರು ಹೆಂಚನ್ನು ತಿರುಗಿಸಿ ನೋಡಿದವರಿಗೆ ಗೊತ್ತು, ಅದರ ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಊರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಾಗಿನಿಂದ ಬಂದ ರೂಢಿ ಅದು. ಹಳೆಯ ಮನೆ ಕೆಡವಿದಾಗ ಸಿಕ್ಕ ಅಂಥ ಹೆಂಚನ್ನು ಹೊಸ ಕಟ್ಟಡಕ್ಕೆ ಹೊದಿಸಿದರೆ ಹೊಸದಾಗಿ ಏನನ್ನೂ ಸುಡಬೇಕಿಲ್ಲ. ಆದರೆ ಗುಜರಿಯವರು ಕೊಡುವ ಬಿಲ್ಲಿನಲ್ಲಿ ‘ಹಳೇ ಹೆಂಚು, 4 ಲೋಡ್’ ಎಂದಷ್ಟೇ ಇರುತ್ತದೆ. ಕೆಡವುವ ಮುನ್ನ ಮನೆಯ ಫೋಟೊ, ಹೆಂಚಿನ ಎಣಿಕೆ, ಮಾರಿದವರ ಸಹಿ ಇದ್ದರೆ ಇದೇ ವಸ್ತು ಮರುಬಳಕೆಯ ಅಂಕಕ್ಕೆ ಅರ್ಹ. ಕೊಟ್ಟ ಬೆಲೆ ತೀರಾ ಕಡಿಮೆಯಿದ್ದರೆ ಅದೇ ಬಗೆಯ ಹೊಸ ವಸ್ತುವಿನ ಬೆಲೆಯನ್ನು ಹಿಡಿಯಲು ಲೀಡ್‌ನ 2009ರ ಆವೃತ್ತಿ ಒಪ್ಪಿತ್ತು. ಇದು ತಿಳಿಯದೆ ಎಷ್ಟೋ ತಂಡಗಳು ಹಳೆಯ ಬಾಗಿಲು, ಕಂಬ, ಹೆಂಚುಗಳನ್ನು ಲೆಕ್ಕದಿಂದಲೇ ಬಿಟ್ಟುಬಿಟ್ಟಿವೆ.

ಒಡೆದ ಕಾಂಕ್ರೀಟಿಗೂ ಈಗ ಮಾನ ಬಂದಿದೆ. ಅದನ್ನು ಪುಡಿಮಾಡಿ ತಯಾರಿಸಿದ ಜಲ್ಲಿಯನ್ನು ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ25 ದರ್ಜೆಯವರೆಗಿನ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಶೇ 20ರವರೆಗೆ ಬಳಸಲು 2016ರ ಐಎಸ್ 383 ಒಪ್ಪುತ್ತದೆ. ಸೈಟಿನಿಂದ ಹೊರಹೋಗುವ ಪ್ರತಿ ಲೋಡಿಗೂ ತೂಕದ ಚೀಟಿ, ತಲುಪಿದ ಜಾಗದ ಸ್ವೀಕೃತಿ ಇದ್ದರೆ ಮಾತ್ರ ಅದು ಕೆರೆಯಂಗಳಕ್ಕೆ ಸುರಿದದ್ದಲ್ಲ ಎಂದು ನಂಬಬಹುದು. ಬೆಂಗಳೂರಿನ ಕೆರೆಗಳ ಸ್ಥಿತಿ ಬಲ್ಲವರು ಈ ಒಂದು ಚೀಟಿಯ ಬೆಲೆಯನ್ನು ಕಡಿಮೆ ಎಣಿಸಲಾರರು.

ಹಾಗಾದರೆ ಕಲಿಯುವುದು ಎಲ್ಲಿಂದ? ಲೀಡ್, ಐಜಿಬಿಸಿ, ಗೃಹ ಮೂರಕ್ಕೂ ಪರೀಕ್ಷೆಗಳಿವೆ, ಕೋರ್ಸುಗಳಿವೆ, ಬರೆಯಿರಿ, ಒಳ್ಳೆಯದೇ. ಆದರೆ ಯಾವ ಅಂಕಕ್ಕೆ ಯಾವ ಫಾರಂ ಎಂದು ಬಾಯಿಪಾಠ ಮಾಡಿದವರು ಬ್ಯಾಚ್ ಶೀಟ್ ಕೈಗೆ ಕೊಟ್ಟರೆ ತಡಬಡಿಸುವುದುಂಟು. ನನ್ನ ಸಲಹೆ ಇಷ್ಟು: ಮೊದಲ ತಿಂಗಳು ಸ್ಟೋರ್ ಕೀಪರ್ ಪಕ್ಕದಲ್ಲಿ ಕೂರಬೇಕು. ಜಿಆರ್‌ಎನ್ (ಮಾಲು ಸ್ವೀಕರಿಸಿದ ಚೀಟಿ) ಎಂದರೇನು, ಚಲನ್ನಿಗೂ ಇನ್‌ವಾಯ್ಸಿಗೂ ಏನು ವ್ಯತ್ಯಾಸ, ಬಂದ ಮಾಲು ಆರ್ಡರ್ ಮಾಡಿದ್ದಕ್ಕಿಂತ ಬೇರೆಯಾದಾಗ ಏನಾಗುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಆರ್ಡರ್ ಕೊಡುವಾಗಲೇ ಪಿಒದಲ್ಲಿ (ಖರೀದಿ ಆದೇಶದಲ್ಲಿ) ‘ಪ್ಲಾಂಟಿನ ವಿಳಾಸ, ಮರುಬಳಕೆಯ ಪ್ರಮಾಣ ಮತ್ತು ಬಗೆ, ಟೆಸ್ಟ್ ಸರ್ಟಿಫಿಕೇಟ್ ಮಾಲಿನ ಜೊತೆಗೇ ಬರಬೇಕು, ಇಲ್ಲದಿದ್ದರೆ ಬಿಲ್ ಪಾಸಾಗುವುದಿಲ್ಲ’ ಎಂಬ ಒಂದು ಸಾಲು ಸೇರಿಸಿದರೆ ಮುಕ್ಕಾಲು ಕೆಲಸ ಅಲ್ಲೇ ಮುಗಿಯಿತು. ಪ್ರತಿ ಕಾಗದದ ಸ್ಕ್ಯಾನ್‌ಗೂ ತಾರೀಖು, ಸಾಮಗ್ರಿ, ಸಪ್ಲೈಯರ್, ಚಲನ್ ನಂಬರ್ ಸೇರಿಸಿ ಹೆಸರಿಟ್ಟು, ವಾರಕ್ಕೊಮ್ಮೆ ಒಂದೇ ಎಕ್ಸೆಲ್ ಶೀಟಿಗೆ ಏರಿಸಬೇಕು.

ಸಣ್ಣ ತಯಾರಕರಿಗೆ ಕನ್ನಡದಲ್ಲೇ ಒಂದು ಪುಟದ ನಮೂನೆ ಬೇಕು. ಗೂಡಿನ ಊರು, ಮಣ್ಣು ತಂದ ಜಾಗ, ಬೆರೆಸಿದ್ದು ಏನು, ಎಷ್ಟು. ಇಂಧನ ಯಾವುದು, ಒಂದು ಗೂಡಿಗೆ ಎಷ್ಟು ಟನ್. ಬೆಂದ ಇಟ್ಟಿಗೆ ಎಷ್ಟು, ಒಡೆದದ್ದು ಎಷ್ಟು. ಪರೀಕ್ಷೆ ಮಾಡಿಸಿದ ಲ್ಯಾಬ್ ಮತ್ತು ತಾರೀಖು. ಸಹಿ, ಮೊಬೈಲ್ ನಂಬರ್. ಮಾಲೂರಿನ ಯಾವ ಯಜಮಾನರೂ ಇದನ್ನು ಒಂದು ಮಧ್ಯಾಹ್ನದಲ್ಲಿ ತುಂಬಬಲ್ಲರು. ಕೆಳಗೆ ಪರಿಶೀಲಿಸಿದವರ ಸಹಿಗೂ ಒಂದು ಜಾಗ ಇರಲಿ. ಅಲ್ಲಿ ಸಹಿ ಹಾಕುವ ಎಂಜಿನಿಯರ್ ಒಮ್ಮೆಯಾದರೂ ಆ ಗೂಡಿಗೆ ಹೋಗಿ ಬಂದಿರಬೇಕು.